ಮಡಿಸಿದ ಮೂಲೆ

ಮಾರ್ಚ್ 4

ಅಣ್ಣನಿಗೆ,

ಮೊದಲು ಎಲ್ಲರೂ ಕ್ಷೇಮ ಎಂದು ಬರೆದು, ಕ್ಷೇಮವಲ್ಲದ್ದನ್ನು ಕಾಗದದ ಕೊನೆಯಲ್ಲಿ ತುರುಕುವುದು ಅಮ್ಮನ ಅಭ್ಯಾಸವಾಗಿತ್ತು. ಇವತ್ತು ನಾನು ಕ್ಷೇಮದ ಸಾಲು ಬಿಟ್ಟು ಶುರು ಮಾಡುತ್ತಿದ್ದೇನೆ. ಗಾಬರಿಯಾಗಬೇಡ.

ಮಗಳು ಫೋನಿನಲ್ಲಿ ಮಾತಾಡು ಎನ್ನುತ್ತಾಳೆ. ನನ್ನ ಕಿವಿಗೆ ಫೋನು ಹಿಡಿದರೆ ಜೇನುಗೂಡು ಹಿಡಿದ ಹಾಗೆ. ನೀನು ಏನೋ ಹೇಳುತ್ತೀ, ನಾನು ಇನ್ನೇನೋ ಉತ್ತರ ಕೊಡುತ್ತೇನೆ, ಮಧ್ಯೆ ಅವಳು ನಿಂತು ಎರಡೂ ಕಡೆಗೆ ಕೂಗುತ್ತಾಳೆ. ಈ ವಿಷಯ ಕೂಗಿ ಹೇಳುವಂಥದ್ದಲ್ಲ. ಅವಳಿಗೂ ಇನ್ನೂ ಹೇಳಿಲ್ಲ.

ಹೋದ ವಾರ ನನಗೊಂದು ಅಂಗಿ ಹೊಲಿದುಕೊಂಡೆ. ನಲವತ್ತು ವರ್ಷ ಊರಿನ ಹೆಂಗಸರಿಗೆಲ್ಲ ಹೊಲಿದವಳು ನಾನು. ನನ್ನ ಮೈಯಳತೆ ಅಳತೆ ಪುಸ್ತಕದ ಮೊದಲ ಪುಟದಲ್ಲೇ ಇದೆ, ಅದನ್ನು ತೆಗೆದು ನೋಡುವ ಅಗತ್ಯವೂ ಇಲ್ಲ. ಹಾಕಿಕೊಂಡರೆ ಎಡಗಡೆ ಬಿಗಿ. ಕತ್ತರಿ ತಪ್ಪಿತು ಎಂದುಕೊಂಡು ಬಿಚ್ಚಿ ಮತ್ತೆ ಹೊಲಿದೆ. ಮತ್ತೆ ಬಿಗಿ. ಆಮೇಲೆ ಬಾಗಿಲು ಹಾಕಿಕೊಂಡು ಮೈಗೆ ಟೇಪು ಹಿಡಿದೆ. ಎಡಗಡೆ ಅರ್ಧ ಇಂಚು ಹೆಚ್ಚು. ಮುಟ್ಟಿ ನೋಡಿದರೆ ಕಂಕುಳ ಕೆಳಗೆ, ಎದೆಯ ಪಕ್ಕಕ್ಕೆ, ಒಂದು ಗಂಟು. ಕೋಟಿಗೆ ಹಾಕುವ ಗುಂಡಿಯಷ್ಟು. ನೋವಿಲ್ಲ.

ಇದನ್ನು ಅಣ್ಣನಿಗೆ ಬರೆಯಬೇಕಾಯಿತಲ್ಲ ಎಂದು ನಾಚಿಕೆಯಾಗುತ್ತದೆ. ಇದು ಮೂರನೆಯ ಕಾಗದ, ಮೊದಲಿನ ಎರಡನ್ನು ಹರಿದೆ. ಆದರೆ ದೊಡ್ಡಾಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಮೂವತ್ತೆರಡು ವರ್ಷ ಕೂತವನು ನೀನು. ನಮ್ಮಲ್ಲಿ ಆಸ್ಪತ್ರೆಯ ಒಳಗು ಹೊರಗು ಗೊತ್ತಿರುವವನು ನೀನೊಬ್ಬನೇ.

ನನ್ನ ಹತ್ತಿರ ಸರ್ಕಾರದ ಆರೋಗ್ಯ ವಿಮೆಯ ಕಾರ್ಡು ಇದೆ. ಎರಡು ವರ್ಷದ ಹಿಂದೆ ಶಾಲೆಯ ಬೆಂಚುಗಳ ಮೇಲೆ ಸಾಲಾಗಿ ಕೂರಿಸಿ ಮಾಡಿಕೊಟ್ಟರು. ಅದರಲ್ಲಿರುವ ನನ್ನ ಫೋಟೋ ನೋಡಿದರೆ ಯಾರೂ ಔಷಧಿ ಕೊಡುವುದಿಲ್ಲ, ಹಿಡಿದು ಪೊಲೀಸರಿಗೆ ಕೊಡುತ್ತಾರೆ. ಇದುವರೆಗೆ ಬಳಸಿಲ್ಲ. ಎದುರುಮನೆಯ ಟೀಚರಮ್ಮ, ರಿಟೈರಾಗಿ ಹತ್ತು ವರ್ಷವಾದರೂ ಪಾಠ ನಿಲ್ಲಿಸದವರು, “ಒಂದ್ಸಲ ತೋರಿಸಿದ್ರೆ ಮುಗೀತು ಕಣ್ರೀ, ದೊಡ್ಡ ಕಾಯಿಲೆಗೆ ಇಟ್ಕೊಳ್ಳಿ” ಎನ್ನುತ್ತಾರೆ. ಇದು ದೊಡ್ಡದೋ ಚಿಕ್ಕದೋ ನನಗೆ ಹೇಗೆ ಗೊತ್ತಾಗಬೇಕು? ಅವರ ಯಜಮಾನರು ಇನ್ನೊಂದು ಹೇಳುತ್ತಾರೆ: ದುಡ್ಡು ಕೊಟ್ಟವರನ್ನು ಡಾಕ್ಟರು ನೋಡುತ್ತಾರೆ, ಕಾರ್ಡಿನವರ ಮೇಲೆ ಕಲಿಯುವವರು ಕೈ ಪಳಗಿಸಿಕೊಳ್ಳುತ್ತಾರೆ ಅಂತ. ಹೊಲಿಗೆ ಕಲಿಯುವವರಿಗೆ ಮೊದಲು ಹಳೆ ಬಟ್ಟೆ ಕೊಡುವುದು ನನಗೂ ಗೊತ್ತು. ಹಳೆ ಬಟ್ಟೆಗೆ ಹೇಗನ್ನಿಸುತ್ತದೆ ಎಂದು ಮಾತ್ರ ಗೊತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಕಾರ್ಡು ಹಿಡಿದುಕೊಂಡು ನಿನ್ನ ಆಸ್ಪತ್ರೆಗೆ ಬರಲೇ? ನೀನು ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ.

ನಿನ್ನ ಅಕ್ಷರ ಯಾಕೆ ಇಷ್ಟು ದೊಡ್ಡದಾಗಿದೆ? ಹೋದ ಕಾಗದದಲ್ಲಿ ಒಂದು ಪುಟಕ್ಕೆ ಎಂಟೇ ಸಾಲು.

ನಿನ್ನ ತಂಗಿ
ಗುಂಡಿ


ಮಾರ್ಚ್ 11

ಪ್ರೀತಿಯ ಗುಂಡಿಗೆ,

4ನೇ ತಾರೀಕಿನ ನಿನ್ನ ಪತ್ರ ತಲುಪಿತು. ವಿಷಯ ತಿಳಿಯಿತು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆಸ್ಪತ್ರೆಯಲ್ಲಿ ಕೂತವರಿಗೆ ದೇಹವೆಂದರೆ ಒಂದು ನಂಬರು, ಒಂದು ಫೈಲು.

ಕಾರ್ಡು ಹಿಡಿದು ಬರಬೇಡ. ಖಂಡಿತ ಬರಬೇಡ. ನಾನು ಒಳಗಿದ್ದು ನೋಡಿದವನು. ಹೊರಗಿನಿಂದ ನೋಡುವವರಿಗೆ ಅಲ್ಲಿ ಒಂದೇ ಸಾಲು ಕಾಣುತ್ತದೆ. ನಿಜವಾಗಿ ಇರುವುದು ಎರಡು. ಎರಡನೆಯದರಲ್ಲಿ ನಿಂತವರಿಗೆ ತಾವು ಎರಡನೆಯದರಲ್ಲಿ ಇದ್ದೇವೆ ಎಂದು ಕೊನೆಯವರೆಗೂ ಗೊತ್ತಾಗುವುದಿಲ್ಲ. ನನ್ನ ತಂಗಿ ಅಲ್ಲಿ ನಿಲ್ಲುವುದು ನನಗೆ ಬೇಡ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಹಿರಿಯ ಸರ್ಜನ್ ಒಬ್ಬರು ನನಗೆ ಚೆನ್ನಾಗಿ ಪರಿಚಯ. ಈಗ ಅವರದೇ ಸ್ವಂತ ಕ್ಲಿನಿಕ್ ಇದೆ. ನನ್ನ ಮಾತನ್ನು ತೆಗೆದುಹಾಕುವವರಲ್ಲ. ಅವರಿಗೆ ಹೇಳಿ ಮರ್ಯಾದೆಯಿಂದ ತೋರಿಸೋಣ. ಅಲ್ಲಿಯವರೆಗೆ ತಡಿ. ನೋವಿಲ್ಲದ ಗಂಟು ಸಾಮಾನ್ಯವಾಗಿ ಕೊಬ್ಬಿನ ಗಂಟು. ಇಂಥ ಎಷ್ಟೋ ಫೈಲು ನನ್ನ ಕೈಯಲ್ಲಿ ಹಾದು ಹೋಗಿವೆ. ಮಗಳಿಗೆ ಹೇಳಿ ಅವಳ ತಲೆ ಕೆಡಿಸಬೇಡ.

ಅಕ್ಷರ ದೊಡ್ಡದಾಗಿರುವುದು ಹೊಸ ಪೆನ್ನಿನಿಂದ.

ಇಂತಿ
ನಿನ್ನ ಅಣ್ಣ


ಏಪ್ರಿಲ್ 2

ಅಣ್ಣನಿಗೆ,

ನಿನ್ನ ಕಾಗದ ಬಂದ ದಿನ ನೆಮ್ಮದಿಯಾಗಿ ಊಟ ಮಾಡಿದೆ. ಕಾರ್ಡನ್ನು ಗುಂಡಿಗಳ ಡಬ್ಬಿಯ ತಳಕ್ಕೆ ಹಾಕಿ ಮುಚ್ಚಿಟ್ಟಿದ್ದೇನೆ.

ನಿನ್ನೆ ಆರೋಗ್ಯ ಕೇಂದ್ರದ ಹುಡುಗಿ ಬಂದಿದ್ದಳು. ತಿಂಗಳಿಗೊಮ್ಮೆ ಬರುತ್ತಾಳೆ, ಕೈಯಲ್ಲಿ ಒಂದು ದೊಡ್ಡ ಪಟ್ಟಿ, ಅದರಲ್ಲಿರುವುದನ್ನೆಲ್ಲ ಮಗ್ಗಿ ಒಪ್ಪಿಸಿದ ಹಾಗೆ ಕೇಳುತ್ತಾಳೆ. ನನ್ನ ಕಿವಿಯ ಸಂಗತಿ ಗೊತ್ತು, ಅದಕ್ಕೇ ಇಡೀ ಬೀದಿಗೆ ಕೇಳುವಂತೆ ಕೂಗುತ್ತಾಳೆ.

“ಅಜ್ಜಿ, ಸಕ್ಕರೆ ಕಾಯಿಲೆ ಇದ್ಯಾ? ಬಿಪಿ ಇದ್ಯಾ? ಎದೇಲಿ ಗಂಟು ಗಿಂಟು ಏನಾದ್ರೂ ಇದ್ಯಾ?”

ಎದುರುಮನೆ ಟೀಚರಮ್ಮ ಜಗಲಿಗೆ ಬಂದು ನಿಂತೇಬಿಟ್ಟರು.

“ನಾನು ನಿನಗೆ ಅಜ್ಜಿಯಲ್ಲ” ಅಂದೆ.

“ಸರಿ ಆಂಟಿ. ಇದ್ಯಾ?”

ಬಾಯಿಯ ತುದಿಗೆ ಬಂದಿತ್ತು, ಅಣ್ಣಾ. ಒಳಗೆ ಕರೆದು ಹೇಳಿಬಿಡೋಣ ಎಂದು ಒಂದು ಗಳಿಗೆ ಅನಿಸಿತ್ತು. ನಿನ್ನ ಕಾಗದ ನೆನಪಾಯಿತು. ಇಲ್ಲ ಅಂದೆ. ಅವಳು ಅದನ್ನು ಬರೆದುಕೊಂಡಳು.

“ಇದ್ರೆ ಮುಚ್ಚಿಡ್ಬೇಡಿ ಆಂಟಿ, ಕಾರ್ಡಿದೆಯಲ್ಲ, ದೊಡ್ಡಾಸ್ಪತ್ರೇಲಿ ಎಲ್ಲಾ ಮಾಡ್ತಾರೆ.”

“ಆ ಆಸ್ಪತ್ರೇಲಿ ನಮ್ಮಣ್ಣ ಮೂವತ್ತೆರಡು ವರ್ಷ ಇದ್ದ. ನನಗೆ ಹೇಳಿಕೊಡ್ಬೇಡ.”

“ಡಾಕ್ಟರಾ?”

“ಡಾಕ್ಟರಿಗಿಂತ ಒಂದು ಕೈ ಮೇಲೆ. ಡಾಕ್ಟರು ಮರೆತದ್ದೆಲ್ಲ ಅವನ ಹತ್ತಿರ ಇರ್ತಿತ್ತು.”

ಅವಳು ನಕ್ಕು ಹೋದಳು. ನಾನೂ ನಕ್ಕೆ. ನಿನ್ನ ಸರ್ಜನ್ ಯಾವಾಗ ಬಾ ಅಂದರು? ಶಾಲೆ ತೆರೆಯುವುದಕ್ಕೆ ಮುಂಚೆ ಆದರೆ ಒಳ್ಳೆಯದು, ಆಮೇಲೆ ಯೂನಿಫಾರಂ ರಾಶಿ ಬೀಳುತ್ತದೆ.

ಗುಂಡಿ


ಏಪ್ರಿಲ್ 21

ಪ್ರೀತಿಯ ಗುಂಡಿಗೆ,

ಸರ್ಜನ್ ಸದ್ಯ ಊರಿನಲ್ಲಿಲ್ಲ. ಯಾವುದೋ ಸಮ್ಮೇಳನಕ್ಕೆ ಹೋಗಿದ್ದಾರೆ. ಬಂದ ಕೂಡಲೇ ತಿಳಿಸುವುದಾಗಿ ಅವರ ಕ್ಲಿನಿಕ್ಕಿನವರು ಹೇಳಿದ್ದಾರೆ. ತಾಳ್ಮೆ ಇರಲಿ.

ಇಂತಿ
ನಿನ್ನ ಅಣ್ಣ


ಮೇ 30

ಅಣ್ಣನಿಗೆ,

ಸರ್ಜನ್ ಬಂದರಾ? ಅವಸರವೇನಿಲ್ಲ, ಸುಮ್ಮನೆ ಕೇಳಿದೆ.

ಈಗ ಟೇಪು ಹಿಡಿದು ನೋಡುವುದನ್ನು ಬಿಟ್ಟಿದ್ದೇನೆ. ನನ್ನ ಅಂಗಿಗಳಿಗೆಲ್ಲ ಎಡಗಡೆ ಹೊಲಿಗೆ ಬಿಚ್ಚಿ ಒಂದೊಂದು ಇಂಚು ಬಟ್ಟೆ ಸೇರಿಸಿದ್ದೇನೆ. ಬಣ್ಣಕ್ಕೆ ಬಣ್ಣ ಹೊಂದಿಸಿ, ಗೆರೆಗೆ ಗೆರೆ ಕೂಡಿಸಿ. ಮಗಳು ದಿನಾ ನೋಡುತ್ತಾಳೆ, ಅವಳಿಗೆ ಗೊತ್ತಾಗಿಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ದುಡ್ಡು ಕೊಟ್ಟವರಿಗೂ ಮಾಡಿಕೊಟ್ಟಿಲ್ಲ.

ಗುಂಡಿ


ಜೂನ್ 16

ಮಾವನಿಗೆ,

ನಾನು ಕಾಗದ ಬರೆಯುವವಳಲ್ಲ, ನಿಮಗೆ ಗೊತ್ತು. ಬಸ್ ಡಿಪೋದಲ್ಲಿ ಟಿಕೆಟ್ ಯಂತ್ರ ರಿಪೇರಿ ಮಾಡುವವಳಿಗೆ ಬರೆಯುವ ಕೆಲಸ ಬೀಳುವುದಿಲ್ಲ. ಫೋನು ಮಾಡಿದರೆ ನೀವು ಎತ್ತುತ್ತಿಲ್ಲ. ಹನ್ನೊಂದು ಸಲ ಮಾಡಿದ್ದೇನೆ.

ಮೊನ್ನೆ ಅಮ್ಮ ಬಟ್ಟೆಯ ಥಾನು ಮೇಲಿನ ಹಲಗೆಗೆ ಇಡಲು ಎಡಗೈ ಎತ್ತಿದಳು. ಕೈ ಅರ್ಧಕ್ಕೇ ನಿಂತಿತು. ಮುಖ ನೋಡಿದೆ. ಒಳಗೆ ಕರೆದುಕೊಂಡು ಹೋಗಿ ಅಂಗಿ ಬಿಚ್ಚಿಸಿದೆ. ಹೆತ್ತ ತಾಯಿಯನ್ನು ಹಾಗೆ ಬಲವಂತ ಮಾಡಬೇಕಾಯಿತು. ಅವಳು ಅಳಲಿಲ್ಲ, “ಮಾವನ ಸರ್ಜನ್ ಬರ್ತಾರೆ” ಎಂದಳು. ಆಮೇಲೆ ನಿಮ್ಮ ಕಾಗದಗಳನ್ನು ತೆಗೆದುಕೊಟ್ಟಳು. ಹೆಮ್ಮೆಯಿಂದ ಕೊಟ್ಟಳು, ಮಾವ. ಓದಿದೆ.

ಯಾವ ಸರ್ಜನ್? ಎರಡು ತಿಂಗಳಾದರೂ ಮುಗಿಯದ ಸಮ್ಮೇಳನ ಯಾವುದು? ನೋವಿಲ್ಲದ ಗಂಟು ಕೊಬ್ಬಿನ ಗಂಟು ಎಂದು ಹೇಳುವುದಕ್ಕೆ ನೀವು ಯಾರು? ನೀವು ಫೈಲು ಎತ್ತಿಡುತ್ತಿದ್ದಿರಿ, ಓದುತ್ತಿರಲಿಲ್ಲ.

ಕಾರ್ಡು ತೆಗೆದುಕೊಂಡು ನಾಳೆಯೇ ಹೋಗೋಣ ಎಂದರೆ ಬರುವುದಿಲ್ಲ ಎನ್ನುತ್ತಾಳೆ. “ನಿನಗೇನು ಗೊತ್ತು, ಅಣ್ಣ ಒಳಗಿದ್ದು ನೋಡಿದವನು.” ಆರೋಗ್ಯ ಕೇಂದ್ರದ ಹುಡುಗಿ ಬಂದು ಹೇಳಿದಳು, ಕೇಳಲಿಲ್ಲ. ನಾನು ಕಾಲು ಹಿಡಿದೆ, ಕೇಳಲಿಲ್ಲ. ನೀವು ಬರೆದರೆ ಮಾತ್ರ ಹೋಗುತ್ತಾಳಂತೆ.

ಹಾಗಾಗಿ ನೀವು ಬರೆಯಬೇಕು. ಹೋಗು ಎಂದಷ್ಟೇ ಬರೆದರೆ ನಾನು ಹೇಳಿ ಬರೆಸಿದೆ ಎಂದುಕೊಳ್ಳುತ್ತಾಳೆ. ಬೇಡ ಎಂದು ಯಾಕೆ ಹೇಳಿದಿರಿ ಅನ್ನುವುದನ್ನೂ ಬರೆಯಿರಿ. ಇದ್ದದ್ದನ್ನು ಇದ್ದ ಹಾಗೆ. ನನಗೂ ತಿಳಿಯಬೇಕು.

ನಿಮ್ಮ ಸೊಸೆ ಆಗಬೇಕಿದ್ದವಳು ಎಂದು ನೀವೇ ತಮಾಷೆ ಮಾಡುತ್ತಿದ್ದಿರಲ್ಲ, ಆ
ಅಮ್ಮನಂಥವಳಲ್ಲದ ಮಗಳು


ಜೂನ್ 19

ಗುಂಡಿ,

ಈ ಪತ್ರವನ್ನು ನಿನ್ನ ಮಗಳ ಎದುರಿಗೇ ಓದು. ಅವಳಿಗೂ ಗೊತ್ತಾಗಲಿ.

ಸಮ್ಮೇಳನ ಇರಲಿಲ್ಲ. ಮಾರ್ಚ್ ಕೊನೆಯಲ್ಲಿ ಸರ್ಜನ್‌ರ ಕ್ಲಿನಿಕ್ಕಿಗೆ ಹೋಗಿದ್ದೆ. ಒಗೆದ ಶರ್ಟು, ಹಳೆಯ ಗುರುತಿನ ಚೀಟಿ. ಮುಂದೆ ಕೂತ ಹುಡುಗಿ ತಲೆ ಎತ್ತದೆ “ಕಾರ್ಡಾ, ಕ್ಯಾಶಾ?” ಎಂದಳು. “ಪರಿಚಯ” ಎಂದೆ. “ಪರಿಚಯಕ್ಕೆ ಬೇರೆ ಕೌಂಟರ್ ಇಲ್ಲ, ಅಲ್ಲಿ ಕೂತ್ಕೊಳ್ಳಿ” ಎಂದಳು. ಎರಡು ಗಂಟೆ ಕೂತೆ. ಸರ್ಜನ್ ಹೊರಟಾಗ ಎದ್ದು ನಿಂತು ನಮಸ್ಕಾರ ಮಾಡಿದೆ. ರೆಕಾರ್ಡ್ ರೂಮಿನಲ್ಲಿದ್ದೆ ಎಂದೆ. “ಯಾವ ರೆಕಾರ್ಡ್ ರೂಮು?” ಎಂದು ಕೇಳಿದರು. ಕೋಪದಿಂದಲ್ಲ, ನಿಜಕ್ಕೂ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಬೆಳಗ್ಗೆ ಒಂಬತ್ತಕ್ಕೆ ಅವರ ಮೇಜಿನ ಮೇಲೆ ಫೈಲು ಇಟ್ಟವನು ನಾನು. ಅವರು ಫೈಲು ನೋಡುತ್ತಿದ್ದರು, ಇಟ್ಟ ಕೈಯನ್ನು ನೋಡಿರಲಿಲ್ಲ. ಅದನ್ನು ನಿನಗೆ ಬರೆಯಲು ಆಗಲಿಲ್ಲ. ಅದಕ್ಕೆ ಸಮ್ಮೇಳನ ಎಂದು ಬರೆದೆ. ಇದು ಚಿಕ್ಕದು. ದೊಡ್ಡದನ್ನು ಈಗ ಬರೆಯುತ್ತೇನೆ.

ನೀನು ಕೋಟಿನ ಗುಂಡಿ ನುಂಗಿದ್ದು ನಾಲ್ಕು ವರ್ಷದವಳಿದ್ದಾಗ. ನಿನ್ನ ಹೆಸರೇ ಅದಾಯಿತು. ಅಮ್ಮ ನಿನ್ನನ್ನು ಎತ್ತಿಕೊಂಡು ಇದೇ ಆಸ್ಪತ್ರೆಗೆ ಓಡಿದಳು, ನಾನು ಹಿಂದೆ. ಸಂಜೆಯವರೆಗೂ ನಮ್ಮನ್ನು ಯಾರೂ ಕರೆಯಲಿಲ್ಲ, ಕರೆಯುವ ಮೊದಲೇ ಗುಂಡಿ ಆಸ್ಪತ್ರೆಯ ಹಿತ್ತಲಲ್ಲಿ ತಾನಾಗಿ ಹೊರಗೆ ಬಂತು ಎಂದು ಮನೆಯಲ್ಲಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನೀನು ನೋಡಿರದ ಒಂದು ಭಾಗ ಇದೆ. ಅಮ್ಮನ ಕೈಯಲ್ಲಿ ಬಡವರಿಗೆ ಕೊಡುವ ಬಿಟ್ಟಿ ಚೀಟಿ ಇತ್ತು. ಕಿಟಕಿಯ ಒಳಗಿದ್ದವನು ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, “ಬಿಟ್ಟಿಯವರು ಆ ಕಡೆ” ಎಂದ. ಅಮ್ಮ ಆ ಕಡೆ ಹೋದಳು. ಆ ಕಡೆಯಲ್ಲಿ ಬೆಂಚು ಇರಲಿಲ್ಲ. ನಾನು ಆ ಕಿಟಕಿಯನ್ನೇ ನೋಡುತ್ತ ನಿಂತಿದ್ದೆ. ಒಂದು ದಿನ ಅದರ ಒಳಗೆ ಕೂರಬೇಕು ಎಂದುಕೊಂಡೆ. ಕೂತವನು ಏನು ಮಾಡಬೇಕು ಎಂದು ಯೋಚಿಸಲಿಲ್ಲ. ಒಂಬತ್ತು ವರ್ಷದವನಿಗೆ ಅಷ್ಟು ಬರುವುದಿಲ್ಲ. ಆದರೆ ಆಮೇಲೂ ಬರಲಿಲ್ಲ.

ನನ್ನ ನೌಕರಿ ಮುಗಿಯಲು ಹನ್ನೊಂದು ವರ್ಷ ಇದ್ದಾಗ ಇಂಥದೇ ಕಾರ್ಡು ಮೊದಲ ಸಲ ಬಂತು. ಇನ್ನು ಬಿಟ್ಟಿಯವರು, ದುಡ್ಡಿನವರು ಎಂಬ ಭೇದ ಇಲ್ಲ, ಎಲ್ಲರದೂ ಒಂದೇ ಬಣ್ಣದ ಫೈಲು ಎಂದು ಆದೇಶವಾಯಿತು. ಒಂದೇ ಬಣ್ಣದ ಫೈಲು ಬಂದ ಮೇಲೆ ದುಡ್ಡು ಕೊಟ್ಟವರು ಗಲಾಟೆ ಶುರು ಮಾಡಿದರು, ನಾವೂ ಇವರ ಜೊತೆ ಕಾಯಬೇಕಾ ಎಂದು. ಆಫೀಸಿನವರು ನನ್ನನ್ನು ಕರೆದು, “ನೀನು ಸ್ವಲ್ಪ ನೋಡ್ಕೊಳ್ಳಯ್ಯ” ಎಂದರು. ಅಷ್ಟೇ. ಏನು ನೋಡಿಕೊಳ್ಳಬೇಕು ಎಂದು ಯಾರೂ ಹೇಳಲಿಲ್ಲ, ಬರೆದುಕೊಡಲಿಲ್ಲ. ಉಪಾಯ ನನ್ನದೇ.

ಕಾರ್ಡಿನವರ ಫೈಲಿನ ಬಲಗಡೆ ಮೇಲಿನ ಮೂಲೆಯನ್ನು ಒಳಕ್ಕೆ ಮಡಿಸುತ್ತಿದ್ದೆ. ಉಗುರಿನಷ್ಟು. ನೋಡಿದವರಿಗೆ ಹಳೆಯದಾಗಿ ಮುದುರಿದೆ ಅನಿಸಬೇಕು. ಫೈಲುಗಳನ್ನು ಜೋಡಿಸುವಾಗ ಬೆರಳಿಗೆ ಮಡಿಕೆ ಸಿಕ್ಕರೆ ಅದು ಕಟ್ಟಿನ ತಳಕ್ಕೆ. ಕಣ್ಣಿನಿಂದ ನೋಡಬೇಕಾಗಿಯೂ ಇರಲಿಲ್ಲ. ಹನ್ನೆರಡೂವರೆಗೆ ಡಾಕ್ಟರು ಎದ್ದು ಹೋದರೆ ತಳದಲ್ಲಿ ಉಳಿದವರಿಗೆ ಮಾರನೆಯ ದಿನ. ಮಾರನೆಯ ದಿನ ಮತ್ತೆ ತಳಕ್ಕೆ. ಕೆಲಸ ಎಷ್ಟು ಸಲೀಸಾಯಿತೆಂದರೆ ಆ ವರ್ಷ ಅಚ್ಚುಕಟ್ಟಾದ ನೌಕರ ಎಂದು ನನಗೊಂದು ಗಡಿಯಾರ ಕೊಟ್ಟರು. ನಿನ್ನ ಮನೆಯ ಗೋಡೆಯ ಮೇಲಿರುವುದು ಅದೇ.

ಅಮ್ಮನ ವಯಸ್ಸಿನ ಒಬ್ಬ ಹೆಂಗಸು ಮೂರು ದಿನ ಬೆಂಚಿನ ಮೇಲೆ ಕೂತಿದ್ದಳು. ಏನು ಕಾಯಿಲೆ ಎಂದು ಗೊತ್ತಿಲ್ಲ. ನಿನ್ನ ಮಗಳು ಹೇಳಿದ್ದು ಸರಿ, ನಾನು ಓದುತ್ತಿರಲಿಲ್ಲ. ಸಂಜೆ ಏಳುವಾಗ ಪ್ರತಿದಿನ ನನಗೆ ಕೈಮುಗಿದು ಹೋಗುತ್ತಿದ್ದಳು. ನಾಲ್ಕನೆಯ ದಿನ ಬರಲಿಲ್ಲ. ಮತ್ತೆ ಬಾರದವರ ಫೈಲುಗಳಿಗೆ ಒಂದು ಕಪಾಟು ಇತ್ತು. ರಿಟೈರಾಗುವ ವಾರ ಅದನ್ನು ಲೆಕ್ಕ ಒಪ್ಪಿಸಬೇಕಾಗಿ ಬಂದು ತೆರೆದೆ. ಮೇಲಿನಿಂದ ಕೆಳಗಿನವರೆಗೆ ಬಲಗಡೆಯ ಮೂಲೆಗಳೆಲ್ಲ ಮಡಿಸಿದ್ದವು. ಗುಣವಾಯಿತು, ಅದಕ್ಕೇ ಬರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಾಗಿಲು ಹಾಕಿ ಬೀಗದ ಕೈ ಒಪ್ಪಿಸಿ ಬಂದೆ.

ಅಂದಿನಿಂದ ಆ ಗೇಟು ದಾಟಿಲ್ಲ. ನನಗೂ ಕಾರ್ಡು ಇದೆ. ನನ್ನ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಪೆನ್ನು ಹಳೆಯದೇ. ಆ ಕಿಟಕಿಯ ಮುಂದೆ ನಿಂತು ಕಾರ್ಡು ಚಾಚಲು ನನ್ನಿಂದ ಆಗುವುದಿಲ್ಲ. ಒಳಗಿರುವವನು ನಾನೇ ಎಂದು ಅನಿಸುತ್ತದೆ.

ಈಗ ಅಲ್ಲಿ ಹೇಗಿದೆ ಎಂದು ನನಗೆ ಗೊತ್ತಿಲ್ಲ. ಮಾರ್ಚಿನಲ್ಲೂ ಗೊತ್ತಿರಲಿಲ್ಲ. ನಾನು ನಿನಗೆ ಬರೆದದ್ದು ಆಸ್ಪತ್ರೆಯ ವಿಷಯವಲ್ಲ, ನನ್ನ ವಿಷಯ. ಅದನ್ನು ಒಳಗಿದ್ದು ನೋಡಿದವನ ಮಾತು ಎಂದು ನೀನು ನಂಬಿದೆ.

ಕಾರ್ಡು ಹಿಡಿದುಕೊಂಡು ನಾಳೆಯೇ ಹೋಗು. ಇದು ಯಾರೂ ಹೇಳಿ ಬರೆಸಿದ್ದಲ್ಲ.

ಅಣ್ಣ


ಜುಲೈ 9

ಅಣ್ಣನಿಗೆ,

ನಿನ್ನ ಕಾಗದ ಎರಡು ಸಲ ಓದಿದೆ. ಮೂರನೆಯ ಸಲ ಓದುವುದಿಲ್ಲ. ಅದರ ಬಗ್ಗೆ ಈಗ ಬರೆಯುವುದೂ ಇಲ್ಲ. ಗಡಿಯಾರ ಇಳಿಸಿದ್ದೇನೆ. ಮಗಳು ತನ್ನ ಡಿಪೋದಲ್ಲಿ ಬೇಕು ಎಂದಳು, ಕೊಟ್ಟೆ.

ಕಾರ್ಡು ಹಿಡಿದುಕೊಂಡು ಹೋಗಿದ್ದೆ. ನಾಲ್ಕು ಗಂಟೆ ಕಾದೆ. ಫ್ಯಾನು ತಿರುಗುವುದಿಲ್ಲ, ಬಚ್ಚಲ ಮನೆಗೆ ಚಿಲಕವಿಲ್ಲ, ನೆಲದ ಮೇಲೆಲ್ಲ ಚಪ್ಪಲಿಯ ಕೆಸರು. ಹೊಗಳುವಂಥದ್ದು ಹೆಚ್ಚೇನೂ ಇಲ್ಲ. ಆದರೆ ನಾಲ್ಕು ಗಂಟೆ ಎಲ್ಲರೂ ಕಾದರು. ಬೆರಳ ತುಂಬ ಉಂಗುರ ಹಾಕಿಕೊಂಡವನೊಬ್ಬ ನನ್ನ ಪಕ್ಕದಲ್ಲೇ ಕೂತು ನನ್ನಷ್ಟೇ ಆಕಳಿಸಿದ. ಎಲ್ಲರಿಗೂ ನಂಬರಿನ ಚೀಟಿ. ಗೋಡೆಯ ಮೇಲಿನ ಪರದೆ ಕೆಟ್ಟಿತ್ತು, ಬಾಯಲ್ಲೇ ನಂಬರು ಕೂಗುತ್ತಿದ್ದರು. ಕೂಗುವುದು ನನಗೆ ಕೇಳಿಸುವುದಿಲ್ಲ, ಮಗಳು ನೀರು ತರಲು ಹೋಗಿದ್ದಳು. ಕಿಟಕಿಯ ಒಳಗಿದ್ದ ಹುಡುಗಿ ಎದ್ದು ಹೊರಗೆ ಬಂದು ನನ್ನ ಭುಜ ಮುಟ್ಟಿದಳು. “ಅಜ್ಜಿ, ನಿಮ್ದೇ” ಎಂದಳು. ಈ ಸಲ ನಾನು ತಿದ್ದಲಿಲ್ಲ.

ಕಾರ್ಡು ಕೊಡುವಾಗ ಕೇಳಿದೆ, “ಇವತ್ತು ತೋರಿಸಿದ್ರೆ ಇದು ಮುಗಿದುಹೋಗುತ್ತಾ?”

“ಸವೆಯೋಕೆ ಇದೇನು ಸೋಪಾ ಅಜ್ಜಿ? ವರ್ಷಾ ವರ್ಷಾ ಹೊಸದಾಗುತ್ತೆ.” ಆಮೇಲೆ ಫೋಟೋ ನೋಡಿ, ನನ್ನ ಮುಖ ನೋಡಿ, “ಎದುರಿಗೆ ಚೆನ್ನಾಗಿದೀರಿ” ಎಂದಳು.

ಡಾಕ್ಟರು ಹೆಂಗಸು. ಯಾವಾಗ ಗೊತ್ತಾಯಿತು ಎಂದು ಕೇಳಿದರು. ಮಾರ್ಚಿನಲ್ಲಿ ಎಂದೆ. ನೋವಿರಲಿಲ್ಲ, ಅದಕ್ಕೆ ಸುಮ್ಮನಿದ್ದೆ ಎಂದೆ. “ನೋವಿಲ್ಲದ್ದಕ್ಕೇ ಬೇಗ ಬರ್ಬೇಕಿತ್ತು. ಮಾರ್ಚಿನಿಂದ ಏನ್ಮಾಡ್ತಿದ್ರಿ?” ಮಗಳು ಬಾಯಿ ತೆರೆದಳು. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಹೊಲಿಗೆ ಕೆಲಸ ಜಾಸ್ತಿ ಇತ್ತು ಎಂದೆ. ಡಾಕ್ಟರು ಅದನ್ನು ಬರೆದುಕೊಂಡರು. ಈಗ ಆ ಸುಳ್ಳು ನನ್ನ ಫೈಲಿನಲ್ಲಿದೆ. ನಿನ್ನ ಪರವಾಗಿ ಹೇಳಿದ್ದಲ್ಲ. ಅಣ್ಣ ಹೇಳಿದ ಎಂದು ಅರವತ್ತಾರು ವರ್ಷದವಳು ಹೇಳಿದರೆ ನಾನು ಎಂಥವಳಾಗಿ ಕಾಣುತ್ತಿದ್ದೆ? ನನ್ನ ಮರ್ಯಾದೆಗೆ ಹೇಳಿಕೊಂಡೆ.

ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಅದೇ ಕಾಯಿಲೆ. ಹೆಸರು ಬರೆಯುವುದಿಲ್ಲ, ನಿನಗೆ ಗೊತ್ತು. ಕಂಕುಳಿಗೂ ಹಬ್ಬಿದೆ, ಎಡಗಡೆಯದನ್ನು ಪೂರ್ತಿ ತೆಗೆಯಬೇಕಂತೆ. ಮಾರ್ಚಿನಲ್ಲೇ ಬಂದಿದ್ದರೆ ಅಷ್ಟನ್ನೂ ತೆಗೆಯಬೇಕಾಗುತ್ತಿರಲಿಲ್ಲವೇನೋ ಎಂದರು. ಏನೋ ಎಂದರು. ಆ “ಏನೋ” ಇಟ್ಟುಕೊಂಡು ನಾನು ಏನು ಮಾಡಲಿ ಎಂದು ಗೊತ್ತಾಗುತ್ತಿಲ್ಲ. ನೀನೂ ಸ್ವಲ್ಪ ಇಟ್ಟುಕೋ.

ಹಿಂದಿರುಗುವಾಗ ನಿನ್ನ ಮನೆ ಅಲ್ಲಿಂದ ಎರಡೇ ಬೀದಿ. ಮಗಳು ಹೋಗೋಣವಾ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಸ್ಸಿನ ಕಿಟಕಿಯಿಂದ ನಿನ್ನ ಬೀದಿಯ ಮೂಲೆಯ ಔಷಧಿ ಅಂಗಡಿ ಕಂಡಿತು.

ಆಗಸ್ಟ್ 5ಕ್ಕೆ ಆಪರೇಷನ್. ಮಗಳಿಗೆ ಎರಡು ದಿನ ಮಾತ್ರ ರಜೆ, ಅದನ್ನು ಆಮೇಲಿನ ದಿನಗಳಿಗೆ ಇಟ್ಟುಕೊಂಡಿದ್ದಾಳೆ. ಆ ದಿನ ಫೈಲು ಹಿಡಿದುಕೊಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡಲು ಒಬ್ಬರು ಬೇಕಂತೆ. ನೀನು ಬಾ. ಆ ಗೇಟು ದಾಟಲು ಆಗುವುದಿಲ್ಲ ಎಂದರೆ ಈಗಲೇ ಬರೆ, ಟೀಚರಮ್ಮನನ್ನು ಕೇಳುತ್ತೇನೆ.

ಗುಂಡಿ


ಆಗಸ್ಟ್ 5
ಆಪರೇಷನ್ ಕೋಣೆಯ ಹೊರಗಿನ ಬೆಂಚಿನಿಂದ

ಗುಂಡಿ,

ನೀನು ಒಳಗೆ ಹೋಗಿ ಒಂದೂವರೆ ಗಂಟೆಯಾಯಿತು. ಬೆಳಗ್ಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೀನು ಚೀಲದಲ್ಲಿ ಏನೋ ಹುಡುಕುತ್ತಿದ್ದೆ, ನಾನು ಗೋಡೆಯ ಮೇಲಿನ ಸೂಚನೆಗಳನ್ನು ಓದುವವನಂತೆ ನಿಂತಿದ್ದೆ. ನನಗೆ ಒಂದಕ್ಷರವೂ ಕಾಣುತ್ತಿರಲಿಲ್ಲ. ಈ ಪತ್ರವನ್ನು ನಿನ್ನ ದಿಂಬಿನ ಕೆಳಗೆ ಇಡುತ್ತೇನೆ. ಎಚ್ಚರವಾದ ಮೇಲೆ, ಓದಬೇಕೆನಿಸಿದರೆ ಓದು.

ಕಿಟಕಿಯಲ್ಲಿ “ನೀವ್ಯಾರು?” ಎಂದು ಕೇಳಿದರು. ರೋಗಿಯ ಅಣ್ಣ ಎಂದೆ. ರೆಕಾರ್ಡ್ ರೂಮಿನ ಮುಂದೆ ಹಾದು ಹೋದೆ. ಕಪಾಟುಗಳಿಲ್ಲ. ಅಲ್ಲಿ ಈಗ ಗಾಲಿ ಕುರ್ಚಿಗಳನ್ನು ನಿಲ್ಲಿಸಿದ್ದಾರೆ. ಆ ಫೈಲುಗಳೆಲ್ಲ ಎಲ್ಲಿಗೆ ಹೋದವು ಎಂದು ಕೇಳದೆ ಮುಂದೆ ನಡೆದೆ.

ಒಂದು ವಿಷಯ ಹೇಳಬೇಕು. ನಿನಗಲ್ಲದೆ ಬೇರೆ ಯಾರಿಗೂ ಹೇಳಲಾಗುವುದಿಲ್ಲ, ನಿನಗೂ ಹೇಳಬಾರದು.

ಎಕ್ಸ್‌ರೇ ಕೋಣೆಯವರು ನಿನ್ನ ಫೈಲನ್ನು ನನ್ನ ಕೈಗೆ ಕೊಟ್ಟು, ಮೇಲಿನ ವಾರ್ಡಿಗೆ ಕೊಡಿ ಎಂದರು. ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಮನಸ್ಸಿನಲ್ಲಿ ನೀನಿದ್ದೆ, ಬೇರೆ ಏನೂ ಇರಲಿಲ್ಲ. ಮೇಲೆ ಹೋಗಿ ನರ್ಸಿನ ಕೈಗೆ ಕೊಡುವಾಗ ಹೆಬ್ಬೆರಳಿಗೆ ಏನೋ ತಾಗಿತು. ಬಲಗಡೆ ಮೇಲಿನ ಮೂಲೆ ಒಳಕ್ಕೆ ಮಡಿಸಿತ್ತು. ಉಗುರಿನಷ್ಟು. ಅಚ್ಚುಕಟ್ಟಾಗಿ.

ನಾನು ಮಡಿಸಿದ್ದು ನನಗೆ ಗೊತ್ತೇ ಆಗಲಿಲ್ಲ, ಗುಂಡಿ. ಮೆಟ್ಟಿಲಲ್ಲೋ, ಬಾಗಿಲ ಹತ್ತಿರವೋ. ಕೈ ತಾನೇ ಮಾಡಿದೆ. ಬಿಡಿಸಿದೆ, ಅಂಗೈಯಿಂದ ಒತ್ತಿ ತಿಕ್ಕಿದೆ. ಗೆರೆ ಹೋಗಲಿಲ್ಲ. “ಏನಾಯ್ತು ತಾತ, ಕೊಡಿ” ಎಂದು ನರ್ಸು ತೆಗೆದುಕೊಂಡಳು. ಅವಳಿಗೆ ಆ ಗೆರೆಯ ಅರ್ಥ ಗೊತ್ತಿಲ್ಲ. ಇಡೀ ಕಟ್ಟಡದಲ್ಲಿ, ನಿನ್ನನ್ನು ಬಿಟ್ಟರೆ, ಅದು ಗೊತ್ತಿರುವವನು ನಾನೊಬ್ಬನೇ ಉಳಿದಿದ್ದೇನೆ.

ಬಾಗಿಲು ತೆರೆಯಿತು. ನಿನ್ನದಲ್ಲ, ಬೇರೆಯವರದು.

ಅಣ್ಣ


ಆಗಸ್ಟ್ 19

ಅಣ್ಣನಿಗೆ,

ಮನೆಗೆ ಬಂದು ಐದು ದಿನವಾಯಿತು. ಎಡಗೈ ಇನ್ನೂ ನನ್ನದಲ್ಲ. ಬಲಗೈಯಲ್ಲಿ ಬರೆಯುತ್ತಿದ್ದೇನೆ, ಎಡಗೈ ಹಿಡಿದುಕೊಳ್ಳದೆ ಕಾಗದ ಜಾರುತ್ತದೆ, ಅದಕ್ಕೆ ಮೇಲೆ ಕತ್ತರಿ ಇಟ್ಟಿದ್ದೇನೆ. ಅಂಗಿಗಳ ಎಡಗಡೆಗೆ ಸೇರಿಸಿದ್ದ ಬಟ್ಟೆಯನ್ನು ಮಗಳು ಬಿಚ್ಚುತ್ತಿದ್ದಾಳೆ. ಹೊಲಿಗೆ ಬಿಚ್ಚುವುದೂ ಬರುವುದಿಲ್ಲ ಅವಳಿಗೆ, ಟಿಕೆಟ್ ಯಂತ್ರ ಬಿಚ್ಚಿದ ಹಾಗೆ ಎಳೆಯುತ್ತಾಳೆ.

ನಿನ್ನ ಕಾಗದ ಓದುವುದಕ್ಕೆ ಮುಂಚೆಯೇ ನನಗೆ ಗೊತ್ತಿತ್ತು. ಎಚ್ಚರವಾದ ಮಾರನೆಯ ದಿನ ನರ್ಸು ಫೈಲನ್ನು ಹಾಸಿಗೆಯ ಕಾಲ ಬಳಿ ಇಟ್ಟಿದ್ದಳು. ಬಟ್ಟೆಯಾಗಲಿ ಕಾಗದವಾಗಲಿ, ಮಡಿಸಿದ ಗೆರೆ ನನ್ನ ಕಣ್ಣಿಗೆ ಬೀಳದೆ ಇರುವುದಿಲ್ಲ. ತುಂಬ ಹೊತ್ತು ನೋಡಿದೆ. ದಿಂಬಿನ ಕೆಳಗೆ ಕೈ ಹಾಕಿದ್ದು ಆಮೇಲೆ.

ಈಗ ಫೈಲನ್ನು ರೋಗಿಯ ಕೈಗೇ ಕೊಟ್ಟು ಕಳಿಸುತ್ತಾರೆ; ಮನೆಗೆ ತಂದ ಮೇಲೆ ಆ ಮೂಲೆಗೆ ತೆಳ್ಳಗಿನ ಬಟ್ಟೆ ಹಾಸಿ ಇಸ್ತ್ರಿ ಹಾಕಿ ನೋಡಿದೆ. ಬಟ್ಟೆಯಾಗಿದ್ದರೆ ನೀರು ಚಿಮುಕಿಸಿ ಒತ್ತಿದರೆ ಹೋಗುತ್ತಿತ್ತು. ಕಾಗದಕ್ಕೆ ನೀರು ಹಾಕುವಂತಿಲ್ಲ. ಗೆರೆ ಹಾಗೇ ಇದೆ. ಇರಲಿ ಎಂದು ಬಿಟ್ಟಿದ್ದೇನೆ.

ಔಷಧಿ ಏರಿಸಲು ಆರು ಸಲ ಹೋಗಬೇಕು, ಮೂರು ವಾರಕ್ಕೊಮ್ಮೆ. ಮೊದಲನೆಯದು ಸೆಪ್ಟೆಂಬರ್ 2, ಬೆಳಗ್ಗೆ ಒಂಬತ್ತಕ್ಕೆ. ಮಗಳಿಗೆ ರಜೆ ಇಲ್ಲ. ಅದೇ ಸಾಲಿನಲ್ಲಿ ಏಳನೇ ಕೋಣೆ ಕಣ್ಣಿನವರದು, ವಿಚಾರಿಸಿದ್ದೇನೆ. ನಿನ್ನ ಕಾರ್ಡು ತಾ. ಕಿಟಕಿಯಲ್ಲಿ ನೀನೇ ಚಾಚಬೇಕು, ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ಫೈಲುಗಳನ್ನು ಮಾತ್ರ, ನನ್ನದನ್ನೂ ನಿನ್ನದನ್ನೂ, ನಾನು ಹಿಡಿದುಕೊಳ್ಳುತ್ತೇನೆ. ನೀನು ಚೀಲ ಹಿಡಿದುಕೋ.

ಗುಂಡಿ